ಬಿಟ್ಟುಕೊಟ್ಟ ಪಾಳಿ

ಜೈನಾಪುರದ ಕಸ್ತೂರಿಯ ಬಳೆಗಳ ನಡುವೆ ಯಾವಾಗಲೂ ಒಂದು ಪಿನ್ನು ಸಿಕ್ಕಿಸಿರುತ್ತಿತ್ತು. ಊರಿನ ಹೆಂಗಸರ ಕೈಯಲ್ಲಿ ಪಿನ್ನು ಇರುವುದು ಹೊಸದಲ್ಲ. ಸೆರಗಿಗೆ ಬೇಕು, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ಬೇಕು. ಕಸ್ತೂರಿಯ ಪಿನ್ನಿನ ಕೆಲಸ ಮಾತ್ರ ಬೇರೆ. ಡ್ರಿಪ್ ಪೈಪಿನ ತೂತು ಕಟ್ಟಿಕೊಂಡು ಹನಿ ನಿಂತರೆ ಅದನ್ನು ಚುಚ್ಚಿ ಬಿಡಿಸಬೇಕು. ತವರಿನಿಂದ ಅವಳ ಕೈಗೆ ಅಂಟಿಕೊಂಡು ಬಂದ ರೂಢಿ ಅದು.

ಅವಳ ತವರು ತಿಕೋಟಾದಿಂದ ಆಚೆ, ದಿಬ್ಬದ ಮೇಲೆ. ಗರಸು ನೆಲ. ಮೇಲೆ ಒಂದು ಗೇಣು ಮಣ್ಣು, ಕೆಳಗೆಲ್ಲ ಬಿಳಿ ಕಲ್ಲಿನ ಪುಡಿ. ಕೊಡ ನೀರು ಸುರಿದರೆ ಕಣ್ಣು ಮಿಟುಕಿಸುವುದರೊಳಗೆ ನೆಲ ಕುಡಿದು ಮುಗಿಸುತ್ತಿತ್ತು. ಅಂಥ ನೆಲದಲ್ಲಿ ಅವಳ ಅಪ್ಪ ಖಂಡಪ್ಪ ದ್ರಾಕ್ಷಿ ಪಡ, ಅಂದರೆ ದ್ರಾಕ್ಷಿಯ ತೋಟ, ಎಬ್ಬಿಸಿದ್ದ. ಬೋರಿನಲ್ಲಿ ನೀರಿದ್ದರೆ ಬೋರು, ಇಲ್ಲದಿದ್ದರೆ ಟ್ಯಾಂಕರು. ಕಸ್ತೂರಿ, ಅವಳ ಅಣ್ಣ ಮುತ್ತು ಶಾಲೆ ಬಿಟ್ಟು ಮನೆಗೆ ಬಂದವರೇ ಪಾಟೀಚೀಲ ಎಸೆದು ಪಡದೊಳಗೆ ಓಡಬೇಕು. ಸಾಲು ಸಾಲಾಗಿ ಬಗ್ಗಿ ನೋಡುತ್ತ ಹೋಗಬೇಕು, ಎಲ್ಲಿ ಹನಿ ನಿಂತಿದೆಯೋ ಅಲ್ಲಿ ಪಿನ್ನು ಚುಚ್ಚಬೇಕು. ಖಂಡಪ್ಪ ಹಿಂದೆಯೇ ಬರುತ್ತಿದ್ದ.

"ಏ ಕಸ್ತೂರಿ, ಇಲ್ಲಿ ಬಾ ಬೇ. ನೀ ಹೊಟ್ಟಿ ತುಂಬ ಉಂಡ ಬಂದಿ, ಈ ಬಳ್ಳಿ ನೋಡಿಲ್ಲಿ, ನಿನ್ನ ಸಂಬಂಧ ಉಪಾಸ ಕುಂತೈತಿ."

ಆ ಮನೆಯಲ್ಲಿ ಮುಖ ತೊಳೆಯುವುದೂ ಬಳ್ಳಿಯ ಬುಡದಲ್ಲಿ ನಿಂತೇ. ಬೀಗರು ಬಂದರೆ ಕೈತೊಳೆಯಲು ಚೆಂಬು ಕೊಟ್ಟು, "ಅಲ್ಲಿ ಹೋಗಿ ತೊಳಕೋರ್ರಿ" ಎಂದು ಪಡದ ಕಡೆ ಕೈ ತೋರಿಸುತ್ತಿದ್ದರು. ಹೀಗೆ ಹನಿಹನಿಯಾಗಿ ಉಣಿಸಿದ ನೀರಿನಲ್ಲೇ ಆ ಸೀಮೆ ಮೇಲೆದ್ದಿತ್ತು. ಒಣದ್ರಾಕ್ಷಿಯ ಶೆಡ್ಡುಗಳು ಎದ್ದವು, ಮಣ್ಣಿನ ಮನೆಗಳು ಸ್ಲ್ಯಾಬು ಕಂಡವು, ಹೆಣ್ಣುಮಕ್ಕಳು ಬಸ್ಸು ಹತ್ತಿ ವಿಜಯಪುರದ ಕಾಲೇಜಿಗೆ ಹೋದರು. ಆದರೂ ಬೇಸಿಗೆ ಬಂತೆಂದರೆ ಎಲ್ಲರ ಕಿವಿ ರಸ್ತೆಯ ಕಡೆಗೆ, ಟ್ಯಾಂಕರಿನ ಸದ್ದಿಗೆ.

ಹಾಗಾಗಿಯೇ ಜೈನಾಪುರದ ಸಂಬಂಧ ಬಂದಾಗ ಖಂಡಪ್ಪ ಹುಡುಗನನ್ನು ನೋಡುವ ಮೊದಲು ಹೊಲ ನೋಡಿ ಬಂದ. ಬಬಲೇಶ್ವರದ ಕಡೆಗೆಲ್ಲ ಆಗ ಕ್ಯಾನಲ್ ಬಂದು ಸ್ವಲ್ಪ ಕಾಲವಾಗಿತ್ತು. ಜೋಳ, ಕಡಲೆ ಬೆಳೆಯುತ್ತಿದ್ದ ಎರೆಹೊಲಗಳಲ್ಲಿ ಕಬ್ಬು ನಿಂತಿತ್ತು. ಬಬಲೇಶ್ವರದ ರಸ್ತೆಯ ಎರಡೂ ಬದಿಗೆ ಟ್ರ್ಯಾಕ್ಟರ್ ಅಂಗಡಿ, ಗೊಬ್ಬರದ ಅಂಗಡಿ, ಖಾನಾವಳಿ. ನೀರಾವರಿ ಮನೆತನ ಎಂದರೆ ಹೆಣ್ಣು ಕೊಡುವವರು ಸಾಲುಗಟ್ಟುತ್ತಿದ್ದ ಕಾಲ. ಖಂಡಪ್ಪ ಕಾಲುವೆಯ ದಂಡೆಯ ಮೇಲೆ ಬಹಳ ಹೊತ್ತು ಕುಳಿತು ಬಂದವನು ಮಗಳಿಗೆ ಹೇಳಿದ್ದು ಒಂದೇ ಮಾತು.

"ಇನ್ನ ನಿನ್ನ ಜೀವನದಾಗ ಟ್ಯಾಂಕರಿನ ದಾರಿ ಕಾಯೋದು ಇಲ್ಲವ್ವಾ."

ಮಾತು ಸುಳ್ಳಾಗಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಕಾಲಿನ ಅರಿಷಿಣ ಇನ್ನೂ ಮಾಸಿರದಾಗ, ಗಂಡ ಶ್ರೀಮಂತನ ಜೊತೆ ಹೊಲಕ್ಕೆ ಹೊರಟಿದ್ದಳು. ಯಾರದೋ ಹೊಲದ ಹರಿ, ಅಂದರೆ ನೀರು ಹಾಯಿಸುವ ಸಣ್ಣ ಕಾಲುವೆ, ಒಡೆದು ನೀರು ಬಂಡಿಯ ದಾರಿಯಲ್ಲಿ ಹರಿಯುತ್ತಿತ್ತು. ಅದರ ಹಿಂದೆ ಓಡಿ ಬರುವವರು ಯಾರೂ ಇರಲಿಲ್ಲ. ಕಸ್ತೂರಿ ಹೊಸ ಸೀರೆಯಲ್ಲೇ ಕೆಸರಿಗೆ ಇಳಿದು, ಎರಡೂ ಕೈಯಲ್ಲಿ ಮಣ್ಣು ಬಾಚಿ ಬಾಚಿ ಒಡಕಿಗೆ ಹಾಕತೊಡಗಿದಳು. ಕುರಿ ಹೊಡೆದುಕೊಂಡು ಬರುತ್ತಿದ್ದ ಅಮೋಘಿ ಕೋಲಿಗೆ ಗದ್ದ ಊರಿ ನಿಂತುಬಿಟ್ಟ.

"ಏ ಶ್ರೀಮಂತಾ, ನಿನ್ನ ಹೇಣ್ತಿ ಏನ ಕಳಕೊಂಡಾಳೋ? ಮೂಗುತಿ ಬಿದ್ದೈತೇನ?"

"ನೀರ ಹೊಂಟೈತಿ ಕಾಕಾ!" ಎಂದಳು ಕಸ್ತೂರಿ, ಏದುಸಿರು ಬಿಡುತ್ತ.

"ಹೋಗ್ಲಿ ಬಿಡವ್ವಾ. ಅದನ್ನ ಹಿಡದ ಯಾವ ಡಬ್ಬ್ಯಾಗ ಇಡಾಕಿ?"

ಆ ನಗು ಊರಲ್ಲಿ ಬಹಳ ದಿನ ಉಳಿಯಿತು. 'ನೀರು ಹಿಡಿಯುವ ಸೊಸೆ' ಎಂದೇ ಕರೆದರು.

ಅವಳ ಅತ್ತೆ ಮಲಕವ್ವ ಮಾತ್ರ ನಗಲಿಲ್ಲ. ಮಲಕವ್ವನ ತವರು ದೊಡ್ಡ ಕೆರೆಯ ಊರು ಮಮದಾಪುರ. ಆದರೆ ಅವಳನ್ನು ಕೊಟ್ಟಿದ್ದು ಒಣ ಜೈನಾಪುರಕ್ಕೆ. ಕ್ಯಾನಲ್ ಬರುವ ಮೊದಲು ಊರಿನ ಬಾವಿಯ ತಳಕ್ಕಿಳಿದು, ಚರಟೆಯಿಂದ ತೋಡಿ ತೋಡಿ ಕೊಡ ತುಂಬಿದವಳು ಅವಳು. ಹಾಗೆ ತುಂಬಿದ ಕೊಡದ ಜೊತೆ ಮೆಟ್ಟಿಲ ಮೇಲೆ ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. ಅಂದಿನಿಂದ ಕುಂಟು. ಕಾಲುವೆಯಲ್ಲಿ ಮೊದಲ ಸಲ ನೀರು ಬಂದ ದಿನ ಅದರೊಳಗೆ ಕುಳಿತು ಅತ್ತಿದ್ದಳಂತೆ. ಈಗಲೂ ತಮ್ಮ ಪಾಳಿಯ ದಿನ ತಲೆಗೆ ನೀರು ಹಾಕಿಕೊಂಡು, ಕುಂಕುಮದ ಬಟ್ಟಲು ಹಿಡಿದು ಹೊಲಕ್ಕೆ ಬರುತ್ತಿದ್ದಳು.

ಪಾಳಿ ಎಂದರೆ ಸರದಿ. ತೂಬಿನ ಕೆಳಗಿನ ಹೊಲಗಳಿಗೆ ಒಂದಾದ ಮೇಲೆ ಒಂದರಂತೆ ನೀರು. ತೂಬು ತೆಗೆದು ಮುಚ್ಚಲು ಊರವರೆಲ್ಲ ಕೂಡಿ ಪೀರಸಾಬನನ್ನು ನೀರಗಂಟಿ ಮಾಡಿದ್ದರು. ಕಾನೂನು ಎಲ್ಲೂ ಬರೆದಿರಲಿಲ್ಲ, ರೂಢಿ ಅಷ್ಟೇ. ಪಾಳಿ ಬಂದಾಗ ನೀರು ಒಯ್ಯದವನ ಪಾಳಿ ಹೋಯಿತು. ಮತ್ತೆ ಕೇಳುವ ಹಾಗಿಲ್ಲ. ಆ ಹೆದರಿಕೆಗೆ ಯಾರೂ ನೀರು ಬಿಡುತ್ತಿರಲಿಲ್ಲ. ಹಿಂದಿನ ದಿನ ಜೋರು ಮಳೆ ಬಿದ್ದಿದ್ದರೂ ಸಲಿಕೆ ಹೆಗಲಿಗಿಟ್ಟು ಬಂದು, ನೀರು ನಿಂತ ಹೊಲಕ್ಕೇ ಮತ್ತೆ ನೀರು ತಿರುಗಿಸಿಕೊಂಡು ಹೋಗುತ್ತಿದ್ದರು.

ಖಂಡಪ್ಪ ತೀರಿಕೊಂಡ ವರ್ಷ ಕಸ್ತೂರಿ ಗಂಡನಿಗೆ ಒಂದು ಮಾತು ಕೇಳಿದಳು. ತಮ್ಮ ಹೊಲದ ಬಾವಿಯ ಬದಿಯ ತುಣುಕು ತನಗೆ ಬಿಟ್ಟುಕೊಡಬೇಕು, ಅಲ್ಲಿ ಅಪ್ಪನ ಪಡದ ಬಳ್ಳಿಯ ಕಸಿ ಕಟ್ಟಿಸುತ್ತೇನೆ. ಇದ್ದ ಒಬ್ಬಳೇ ಮಗಳು ಅನುರಾಧಾ ಓದಿನಲ್ಲಿ ಚುರುಕು. ಅವಳನ್ನು ವಿಜಯಪುರದಲ್ಲಿಟ್ಟು ಓದಿಸಲು ಆ ಪಡ ಸಾಕು ಎಂಬುದು ಅವಳ ಆಸೆ. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ ಆ ಆಸೆ. ಹನಿ ನೀರಿನಲ್ಲಿ ಬಳ್ಳಿ ಬೆಳೆಸುವ ಕೆಲಸ ಕೈಯಲ್ಲಿತ್ತು, ಅದು ಈ ಊರಲ್ಲಿ ಯಾರಿಗೂ ಬೇಡವಾಗಿತ್ತು. ಅದೊಂದು ಕಡೆ ಚಿಗುರಿ ನಿಂತದ್ದನ್ನು ನೋಡಬೇಕಿತ್ತು.

ಶ್ರೀಮಂತ ಒಳ್ಳೆಯವನು, ಮೆತ್ತಗಿನವನು. ಕಬ್ಬಿನ ಹಂಗಾಮಿನಲ್ಲಿ ಫ್ಯಾಕ್ಟರಿಗೆ ಟ್ರ್ಯಾಕ್ಟರ್ ಹೊಡೆಯಲು ಹೋಗುತ್ತಿದ್ದ. "ಮಾಡ್ಕೋ" ಎಂದ. ಮುತ್ತು ತಿಕೋಟಾದಿಂದ ಕಡ್ಡಿ ತಂದು ಕಸಿ ಕಟ್ಟಿಸಿಕೊಟ್ಟ. ಕಬ್ಬಿಣದ ಕಂಬ ನೆಟ್ಟು ತಂತಿ ಎಳೆದರು. ಎರೆಮಣ್ಣಿನ ಹುಮ್ಮಸ್ಸಿಗೆ ಬಳ್ಳಿ ತವರಿಗಿಂತ ಜೋರಾಗಿ ಹಬ್ಬಿತು. ಮುತ್ತು ಬಂದು ನೋಡಿ, "ಇದೇನ ಬೇ, ಬಳ್ಳಿಗೆ ಏನ ಹೇಳಿ ಬೆಳಸಾಕತ್ತಿ?" ಎಂದು ಬಾಯಿ ಮೇಲೆ ಕೈ ಇಟ್ಟ.

ಮೂರನೆಯ ವರ್ಷ, ಮೊದಲ ಫಸಲಿನ ವರ್ಷ. ದಸರೆಯ ನಂತರ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಸವರುವ ಕೆಲಸ, ಮಾಡಿಸಿದಳು. ಕಡ್ಡಿ ಕತ್ತರಿಸಿದ ಮೇಲೆ ಬರುವ ಹೊಸ ಚಿಗುರಿನಲ್ಲೇ ಗೊನೆ ಕಾಣಬೇಕು. ಚಿಗುರು ಬಂತು, ಸಣ್ಣ ಹಸಿರು ಗೊನೆಗಳೂ ಇಣುಕಿದವು. ಆಮೇಲೆ ಎಲೆಯ ಅಂಚು ಕೆಂಪಾಗಿ ಸುಟ್ಟ ಹಾಗೆ ಒಣಗತೊಡಗಿತು. ಮಧ್ಯಾಹ್ನದ ಹೊತ್ತಿಗೆ ತುದಿಗಳು ಜೋತುಬೀಳುತ್ತಿದ್ದವು.

ಎಲೆ ಜೋತುಬಿದ್ದರೆ ಬಳ್ಳಿಗೆ ನೀರಡಿಕೆಯಾಗಿದೆ. ಇದನ್ನು ಕಸ್ತೂರಿ ನಡೆಯಲು ಕಲಿತಾಗಲೇ ಕಲಿತಿದ್ದಳು. ಅಂಥ ಎಲೆ ಕಂಡ ದಿನ ಅಪ್ಪ ಊಟ ಬಿಟ್ಟು ಟ್ಯಾಂಕರಿನವರ ಮನೆಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ. ಇಲ್ಲಿ ಹೋಗಬೇಕಾದ ಮನೆಬಾಗಿಲೇ ಇಲ್ಲ. ಬಾವಿಯ ನೀರು ಬಗ್ಗಿ ಕೈಯಾಡಿಸಿದರೆ ಸಿಗುವಷ್ಟು ಮೇಲೆ ಬಂದಿತ್ತು. ಮೋಟಾರ್ ಹಾಕಿದಳು. ಪಿನ್ನು ಹಿಡಿದು ಸಾಲು ಸಾಲು ತಿರುಗಿದಳು. ಹನಿ ಸರಿಯಾಗಿಯೇ ಬೀಳುತ್ತಿತ್ತು. ಎಲೆ ಮತ್ತೂ ಒಣಗಿತು. ಇನ್ನಷ್ಟು ಹೊತ್ತು ನೀರು ಬಿಟ್ಟಳು. ಕಡೆಕಡೆಗೆ, ತವರಿನವರು ನೋಡಿದ್ದರೆ ಅವಳನ್ನು ಮನೆಗೆ ಸೇರಿಸುತ್ತಿರಲಿಲ್ಲವೇನೋ, ಕೊಡದಲ್ಲಿ ತುಂಬಿ ತಂದು ಬುಡಕ್ಕೆ ಸುರಿದಳು. "ಕುಡೀರ್ರೇ, ಕುಡೀರಿ" ಎನ್ನುತ್ತ ಸುರಿದಳು.

ಎಳ್ಳಮಾವಾಸ್ಯೆಗೆ ಮುತ್ತು ಊಟಕ್ಕೆ ಬಂದ. ಆ ದಿನ ಆ ಸೀಮೆಯವರೆಲ್ಲ ಹೊಲದಲ್ಲೇ. ಭೂಮಿ ಬಸುರಿ ಎಂದು ಬಗೆದು, ಬಯಕೆಯ ಅಡಿಗೆ ಮಾಡಿ ಒಯ್ದು, ಅದನ್ನೇ ಚರಗವೆಂದು ಹೊಲದ ತುಂಬ ಚೆಲ್ಲುವ ದಿನ. ಸಜ್ಜೆ ಕಡುಬು, ಎಣ್ಣೆಗಾಯಿ ಬದನೆ, ಶೇಂಗಾ ಹೋಳಿಗೆಯ ಬುಟ್ಟಿ ಇಳಿಸಿ ಮಲಕವ್ವ ಪೂಜೆಗೆ ಕುಳಿತಿದ್ದಳು. ಮುತ್ತು ಊಟಕ್ಕೆ ಕೂಡಲಿಲ್ಲ. ಪಡದೊಳಗೆ ಹೋದವನು ಒಂದು ಬಳ್ಳಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬುಡದ ಮಣ್ಣನ್ನು ಮೂಸಿದ. ಮಣ್ಣಿನ ಮೇಲೆ ತೆಳ್ಳಗೆ ಬಿಳಿಯ ಪುಡಿ ಇತ್ತು.

"ಕಸ್ತೂರೀ, ಒಂದ ಹಾರಿ ಕೊಡ."

ಮಲಕವ್ವ ಕುಳಿತಲ್ಲಿಂದಲೇ ಚೀರಿದಳು. "ಏ ಹುಚ್ಚಪ್ಯಾಲಿ! ಇವತ್ತ ಹಾರಿ ಹಾಕ್ತಿಯೇನೋ? ಬಸರಿ ಹೊಟ್ಟಿಗೆ ಹಾರಿ ಹಾಕ್ತಾರೇನೋ?"

ತಂಗಿ ತಂದುಕೊಟ್ಟ ಹಾರೆಯನ್ನು ಮುತ್ತು ಕೆಳಗಿಟ್ಟ. ಸುಮ್ಮನೆ ಎದ್ದವನು ಆಸರೆಗೆಂದು ಸಾಲಿನ ಕಂಬ ಹಿಡಿದ. ಕಂಬ ಅಲ್ಲಾಡಿತು. ಅನುಮಾನಗೊಂಡು ಎರಡೂ ಕೈಯಿಂದ ಎತ್ತಿದ. ಇಬ್ಬರು ಆಳು ಬಡಿದು ಇಳಿಸಿದ್ದ ಕಂಬ, ಗಂಜಿಯಿಂದ ಸೌಟು ಎತ್ತಿದ ಹಾಗೆ ಮೇಲೆ ಬಂತು. ಅದು ನಿಂತಿದ್ದ ತೂತಿನಲ್ಲಿ ಕಪ್ಪು ನೀರು ಮೆಲ್ಲಗೆ ಏರುತ್ತ ಏರುತ್ತ ಬಂದು, ಒಂದು ಮೊಳ ಕೆಳಗೆ ನಿಂತಿತು.

ಕಸ್ತೂರಿಗೆ ಮೊದಲು ಏನೂ ತಿಳಿಯಲಿಲ್ಲ. ಅಣ್ಣನ ಮುಖ ನೋಡಿದಳು. ಮಲಕವ್ವ ಕುಂಟುತ್ತ ಬಂದು ಬಗ್ಗಿದಳು. ನೀರು ಕಂಡದ್ದೇ ತಡ ಅವಳ ಮುಖ ಅರಳಿತು.

"ಯವ್ವಾ, ಗಂಗವ್ವ! ಹಬ್ಬದ ದಿನ ತಾನಾಗೆ ಮ್ಯಾಲ ಬಂದಾಳ ನೋಡ್ರೇ!"

ತೂತಿನ ಬಾಯಿಗೆ ಅರಿಷಿಣ ಕುಂಕುಮ ಏರಿಸಿದಳು, ಒಂದು ಕಡುಬು ಮುರಿದು ಒಳಗೆ ಬಿಟ್ಟಳು. ಮುತ್ತು ತಂಗಿಯನ್ನು ಆಚೆಗೆ ಕರೆದ. ಅವನ ದನಿ ಸಣ್ಣಗಿತ್ತು.

"ಬೇರ ಕೊಳತಾವ ಬೇ. ನೀರಡಿಕಿ ಅಲ್ಲ ಇದು. ನೀರಾಗ ಮುಳಗಿ ಸಾಯಾಕತ್ತಾವ."

"ನೀರಾಗ ಯಾವ ಬಳ್ಳಿ ಸತ್ತೈತಣ್ಣಾ?" ಎಂದಳು ಕಸ್ತೂರಿ. ನಿಜವಾಗಿ ಕೇಳಿದ್ದಳು. ಅವಳು ಹುಟ್ಟಿದ ಸೀಮೆಯಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ.

"ನಾನೂ ಕಂಡಿಲ್ಲ. ಕೇಳೀನಿ. ಸವಳು ಆಗೈತಿ ಹೊಲ, ಉಪ್ಪ ಎದ್ದೈತಿ. ಮ್ಯಾಲಿನವರು ಬಿಟ್ಟಿದ್ದು, ನೀವು ಬಿಟ್ಟಿದ್ದು, ಎಲ್ಲಾ ಬಂದ ಇಲ್ಲೇ ನಿಂತೈತಿ. ನೀರ ಕೆಳಗ ಇಳೀಬೇಕು, ಇಲ್ಲಂದ್ರ ಒಂದೂ ಉಳಿಯಂಗಿಲ್ಲ."

ಅವಳು ಕೊಡದಲ್ಲಿ ಸುರಿದದ್ದು ನೆನಪಾಯಿತು. ಕುಡೀರಿ ಎಂದದ್ದೂ ನೆನಪಾಯಿತು. ಹಬ್ಬದ ಊಟಕ್ಕೆ ಕೂಡದೆ ಹೋಗಿ ಮೋಟಾರ್ ಬಂದ್ ಮಾಡಿದಳು.

ಬಸಿಗಾಲುವೆ ತೋಡಿ ನೀರನ್ನು ಹಳ್ಳಕ್ಕೆ ಬಿಡಬೇಕು ಎಂದು ಮುತ್ತು ಹೇಳಿ ಹೋಗಿದ್ದ. ಹಳ್ಳಕ್ಕೂ ಪಡಕ್ಕೂ ನಡುವೆ ಅಮೋಘಿಯ ಹೊಲ. ಕಸ್ತೂರಿ ಮಾರನೆಯ ಬೆಳಿಗ್ಗೆಯೇ ಅವನ ಕುರಿಹಟ್ಟಿಗೆ ಹೋದಳು. ಅಮೋಘಿ ಇಲ್ಲವೆನ್ನಲಿಲ್ಲ. ಅವಳನ್ನು ಕರೆದುಕೊಂಡು ಹೋಗಿ ತನ್ನ ಹೊಂಡ ತೋರಿಸಿದ. ಕುರಿಗಳು ಕುಡಿಯುವ ನೀರು ಅದೊಂದೇ.

"ನಿನ್ನ ಕಾಲುವಿ ಇದರ ಮಗ್ಗಲಕ್ಕ ಹಾಯ್ತೈತಿ. ಸವಳು ನೀರ ಇದಕ ಬಸದರ ಮರಿ ಉಳಿಯಂಗಿಲ್ಲ ತಂಗೀ. ನೀನ ಹೇಳು, ತೋಡ ಅಂದ್ರ ತೋಡತೇನಿ."

ಒಂದು ಮರಿ ಬಂದು ಅವಳ ಸೀರೆಯ ಅಂಚು ಜಗಿಯುತ್ತಿತ್ತು. ಕಸ್ತೂರಿ ಅದನ್ನು ಬಿಡಿಸಿಕೊಂಡು ತಿರುಗಿ ಬಂದಳು.

ಉಳಿದ ದಾರಿ, ಮೇಲಿನ ಹೊಲದಿಂದ ಬಸಿದು ಬರುವ ನೀರು ತಗ್ಗಿಸುವುದು. ಆ ಹೊಲ ಶಿವಶರಣಪ್ಪನದು. ಊರಿಗೆಲ್ಲ ಮೊದಲು ಕಬ್ಬು ಹಚ್ಚಿದವನು, ಮನೆಯ ಮುಂದೆ ಕಾರು ನಿಲ್ಲಿಸಿದವನು. ಕಟ್ಟೆಯ ಮೇಲೆ ಎಲೆಗೆ ಸುಣ್ಣ ಸವರುತ್ತ ಅವಳ ಮಾತನ್ನೆಲ್ಲ ಕೇಳಿದ.

"ಒಂದ ನಾಕ ಪಾಳಿ ಕಡಿಮಿ ಬಿಡ್ರಿ ಕಾಕಾ. ನಿಮ್ಮ ಕಬ್ಬಿಗೇನೂ ಆಗಂಗಿಲ್ಲ. ನಿಂತ ನೀರ ಕಾಲಿಗೆ ತಾಗತೈತಿ ಈಗೂ."

"ಆಗಂಗಿಲ್ಲ, ನನಗೂ ಗೊತ್ತೈತಿ. ಆದ್ರ ಪಾಳಿ ಬಿಟ್ಟರ ಪಾಳಿ ಹೋಗತೈತಿ. ನಾಳಿ ಬ್ಯಾಸಗ್ಯಾಗ ನಾ ಯಾರ ಕಾಲ ಹಿಡೀಲಿ?" ಎಲೆ ಮಡಚಿ ಬಾಯಿಗಿಟ್ಟು ನಕ್ಕ. "ಅಲ್ಲ ಬೇ, ನಿಮ್ಮನಿ ಪಾಳಿ ನೀರ ಎಲ್ಲಿ ಹೋಗತೈತಿ? ಪಡದ ಮಗ್ಗಲಾಗೇ ನಿಮ್ಮ ಕಬ್ಬಿಲ್ಲೇನ? ನಿಮ್ಮತ್ತಿ ಕುಂಕುಮ ಹಾಕಿ ಹಾಕಿ ಒಡ್ಡ ಒಡಿಯೂ ತನಕ ತುಂಬತಾಳ. ನೀ ಮೊದಲ ಬಿಡು. ಆಮ್ಯಾಲ ಮಂದಿಗೆ ಹೇಳು."

ಆ ಮಾತು ಚುಚ್ಚಿತು, ಏಕೆಂದರೆ ಅದು ನಿಜ. ರಾತ್ರಿಯ ಊಟಕ್ಕೆ ಮನೆಗೆ ಬಂದ ಶ್ರೀಮಂತನ ಮುಂದೆ ಬಾಯಿಬಿಟ್ಟಳು. "ಈ ಸಲ ಪಾಳಿ ಬ್ಯಾಡ ಅಂತ ಹೇಳ್ರಿ." ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಒಳಗೆ ಮಲಗಿದ್ದ ತಾಯಿಯ ಕಡೆ ನೋಡಿದ.

"ಅವ್ವನ ಮುಂದ ನಾ ಹ್ಯಾಂಗ ಹೇಳ್ಲಿ? ಆಕಿ ಜೀವಾ ಬಿಡತಾಳ."

"ಬಳ್ಳಿ ಬಿಡಾಕತ್ತಾವ ಜೀವಾ."

ಅವನು ಕೈ ತೊಳೆದುಕೊಂಡು ಎದ್ದ. ಬೆಳಿಗ್ಗೆ ಟ್ರ್ಯಾಕ್ಟರ್ ಹತ್ತಿ ಹೋದವನು ಪಾಳಿಯ ದಿನ ಬಂದರೂ ಮನೆಗೆ ಬರಲಿಲ್ಲ.

ಕಸ್ತೂರಿ ಒಬ್ಬಳೇ ತೂಬಿಗೆ ಹೋದಳು. ಅತ್ತೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ ಹೊತ್ತು ಅದು. ದಾರಿಯುದ್ದಕ್ಕೂ ಅವಳಿಗೆ ಒಂದೇ ಲೆಕ್ಕ. ತಿಕೋಟಾದಲ್ಲಿ ಬೇಡವೆಂದು ತಿರುಗಿ ಕಳಿಸಿದ ನೀರು ಟ್ಯಾಂಕರಿನಲ್ಲೇ ಉಳಿಯುತ್ತದೆ. ಎತ್ತದ ನೀರು ಬೋರಿನಲ್ಲೇ ಇರುತ್ತದೆ. ಚೆಲ್ಲದ ನೀರು ಉಳಿದ ನೀರು. ಹಾಗೆಯೇ ಇಲ್ಲಿಯೂ ತಾನು ಬಿಟ್ಟ ನೀರು ಕಾಲುವೆಯಲ್ಲಿ ಉಳಿದು ಮುಂದಿನ ಊರಿಗೆ, ನೀರಿಲ್ಲದ ಯಾವುದೋ ಹೊಲಕ್ಕೆ ಹೋಗುತ್ತದೆ. ಪಾಳಿ ಹೋದರೆ ಹೋಗಲಿ, ಮುಂದೆ ಬಾವಿಯ ನೀರಿನಲ್ಲೇ ಹನಿ ಹನಿ ಬಿಟ್ಟು ಬದುಕಿ ತೋರಿಸುತ್ತೇನೆ, ಅದು ನನಗೆ ಗೊತ್ತಿರುವ ವಿದ್ಯೆ ಎಂದುಕೊಂಡಳು. ಎಷ್ಟೋ ದಿನದ ಮೇಲೆ ಅವಳ ಕಾಲಿಗೆ ಶಕ್ತಿ ಬಂದಿತ್ತು.

ಪೀರಸಾಬ ತೂಬಿನ ಚಕ್ರಕ್ಕೆ ಗ್ರೀಸು ಹಚ್ಚುತ್ತಿದ್ದ.

"ಬಾರವ್ವಾ. ಮಲಕವ್ವನ ಕುಂಕುಮ ಬಂದಿಲ್ಲಲ್ಲ, ಗೇಟ ಹ್ಯಾಂಗ ಎತ್ತಲಿ?"

"ಎತ್ತಬ್ಯಾಡ್ರಿ ಕಾಕಾ. ನಮಗ ಪಾಳಿ ಬ್ಯಾಡ."

ಮುದುಕ ಕಿವಿಯ ಹಿಂದೆ ಕೈಯಿಟ್ಟು ಮತ್ತೊಮ್ಮೆ ಕೇಳಿದ. ಅವಳು ಮತ್ತೆ ಹೇಳಿದಳು.

"ಯಾ ಅಲ್ಲಾ! ಈ ತೂಬಿನ ಮ್ಯಾಲ ತಲಿ ಒಡಕೊಂಡವರನ್ನ ಕಂಡೀನಿ, ಬ್ಯಾಡ ಅಂದವರನ್ನ ಇವತ್ತ ಕಂಡೆ. ಶ್ರೀಮಂತಗ ಗೊತ್ತೇನ?"

"ಗೊತ್ತೈತಿ." ಅದು ಅರ್ಧ ಸತ್ಯ.

"ಇನ್ನೊಮ್ಮಿ ವಿಚಾರ ಮಾಡು ಮಗಳ. ಬಿಟ್ಟ ಪಾಳಿ ತಿರುಗಿ ಬರಂಗಿಲ್ಲ."

"ವಿಚಾರ ಮಾಡೇ ಬಂದೀನ್ರಿ."

ಪೀರಸಾಬ ತಲೆ ಅಲ್ಲಾಡಿಸಿದ. ಕಸ್ತೂರಿ ಮನೆಗೆ ಹೋಗದೆ ಪಡಕ್ಕೆ ಹೋಗಿ ಕುಳಿತಳು. ತಮ್ಮ ಹರಿ ಒಣಗಿಯೇ ಇತ್ತು. ಕಂಬದ ತೂತಿನಲ್ಲಿ ಬಗ್ಗಿ ನೋಡಿದಳು, ನೀರು ಏನೋ ತುಸು ಇಳಿದ ಹಾಗೆ ಕಂಡಿತು. ಮಧ್ಯಾಹ್ನ ಮೇಲಿನ ಹೊಲದಿಂದ ಸದ್ದು ಬಂತು. ಗಾಳಿಯಿರಲಿಲ್ಲ, ಆದರೂ ಕಬ್ಬಿನೊಳಗೆ ಸರಸರ ಎನ್ನುತ್ತಿತ್ತು. ಒಡ್ಡಿನ ಮೇಲೆ ಹತ್ತಿ ನೋಡಿದಳು. ಶಿವಶರಣಪ್ಪನ ಕಬ್ಬಿನ ಬುಡದಲ್ಲಿ ನೀರು ಹೊಳೆಯುತ್ತ ಬರುತ್ತಿತ್ತು. ಅವನ ಪಾಳಿ ಮುಗಿದು ಎರಡು ದಿನವೂ ಆಗಿರಲಿಲ್ಲ.

"ಕಾಕಾ! ಇದ್ಯಾರ ನೀರ್ರಿ?"

ಶಿವಶರಣಪ್ಪ ಸಲಿಕೆ ಊರಿ ನಿಂತ. ಅವನ ಮುಖದಲ್ಲಿ ನಗು ಇರಲಿಲ್ಲ.

"ನಿಂದಽ. ನೀ ಬ್ಯಾಡ ಅಂದಿ, ಕೆಳಗಿನವರು ಬಿಟ್ಟಿದ್ದು ಮ್ಯಾಲಿನವರಿಗೆ. ಅದ ರೂಢಿ. ಪೀರಸಾಬ ಮನಿ ತನಕ ಬಂದ ಕರದ. ಇನ್ನ ಹಂಗಾಮ ಪೂರ್ತಿ ನನಗ ಎರಡು ಪಾಳಿ."

"ನೀವೂ ಬ್ಯಾಡ ಅನಬೇಕಿತ್ತಲ್ಲರಿ!"

"ಹರದ ಬರೋ ನೀರ ಬ್ಯಾಡ ಅನ್ನಾಕ ನನಗ ಹುಚ್ಚ ಹಿಡದೈತೇನ? ನಾ ಅಂದ್ರ ನನ್ನ ಮ್ಯಾಲಿನವ ತಗೋತಾನ. ಅವ ಬಿಟ್ಟದ್ದೂ ಇಲ್ಲಿಗೇ ಇಳೀತೈತಿ. ಯಾರ ಬಿಟ್ರೂ ನಿನ್ನ ಪಡಕ್ಕ ಬರೋದ ಬರತೈತವ್ವಾ."

ಕಸ್ತೂರಿ ಒಡ್ಡು ಇಳಿದಳು. ಇಲ್ಲಿ ಬೇಡವೆಂದ ನೀರು ಉಳಿಯುವುದಿಲ್ಲ, ಅದು ಕೈ ಬದಲಿಸುತ್ತದೆ ಅಷ್ಟೇ ಎಂಬುದು ಅವಳಿಗೆ ಆಗ ತಿಳಿಯಿತು. ಮೊದಲು ಪಕ್ಕದ ತಮ್ಮ ಕಬ್ಬಿನಲ್ಲಿ ನಿಲ್ಲುತ್ತಿದ್ದ ನೀರನ್ನು ತಾನೇ ಹೋಗಿ ಮೇಲಿನ ಹೊಲಕ್ಕೆ ಹತ್ತಿಸಿ ಬಂದಿದ್ದಳು, ನೆಲದೊಳಗಿಂದ ಇಳಿದು ಬರಲಿ ಎಂದು.

ಮನೆಯಲ್ಲಿ ಮಲಕವ್ವ ಇರಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಹೊಲಕ್ಕೆ ಹೊರಟವಳು ದಾರಿಯಲ್ಲೇ ಒಣ ಹರಿ ನೋಡಿ, ಅಲ್ಲಿಂದ ತೂಬಿಗೆ ನಡೆದಿದ್ದಳು. ಆ ಕಾಲಿನಲ್ಲಿ ಅಷ್ಟು ದೂರ. ಕಸ್ತೂರಿ ಓಡಿ ಹೋಗಿ ನೋಡಿದಾಗ ಪೀರಸಾಬನ ಮುಂದೆ ಸೆರಗೊಡ್ಡಿ ನಿಂತಿದ್ದಳು.

"ಹುಡಿಗಿಗೆ ತಿಳಿಲಾರದ ಅಂದಾಳೋ ತಮ್ಮಾ. ನನ್ನ ಪಾಳಿ ನನಗ ಕೊಡೋ. ಇದಕ ನಾ ಕಾಲ ಕಳಕೊಂಡೀನೋ."

"ನನ್ನ ಕೈಯಾಗಿಲ್ಲಕ್ಕಾ," ಎಂದು ಪೀರಸಾಬ ನೆಲ ನೋಡುತ್ತ ಹೇಳಿದ. "ಇವತ್ತ ನಿನಗ ಕೊಟ್ರ ನಾಳಿ ಊರ ನನ್ನ ಬಡೀತೈತಿ."

ಹಿಂದಿರುಗುವಾಗ ಸೊಸೆ ಹಿಡಿಯಲು ಹೋದ ಕೈಯನ್ನು ಮಲಕವ್ವ ಸರಿಸಿದಳು. ಬಟ್ಟಲಿನ ಕುಂಕುಮ ದಾರಿಯುದ್ದಕ್ಕೂ ಚೆಲ್ಲುತ್ತ ಹೋಯಿತು.

ಶಿವರಾತ್ರಿಯ ಹೊತ್ತಿಗೆ ಪಡದಲ್ಲಿ ಎಲೆ ಉಳಿಯಲಿಲ್ಲ. ಗೊನೆಗಳು ಮೆಣಸಿನ ಕಾಳಿನಷ್ಟಾಗಿ ಒಣಗಿ ತಂತಿಗೆ ಜೋತುಬಿದ್ದವು. ಬುಡದ ಬಿಳಿ ಪುಡಿ ದಪ್ಪವಾಗಿ, ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಶ್ರೀಮಂತ ಹಂಗಾಮು ಮುಗಿಸಿ ಬಂದ. ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ತಂತಿ ಸುತ್ತುವ ಕೆಲಸಕ್ಕೆ ಕೈ ಹಾಕಿದ. ಬಳ್ಳಿ ಕೀಳಲು ಬಲವೇ ಬೇಕಿರಲಿಲ್ಲ. ಎಳೆದರೆ ಬರುತ್ತಿತ್ತು, ಕೊಳೆತ ವಾಸನೆಯೊಂದಿಗೆ. ಬರಲಿದ್ದ ಫಸಲು ನಂಬಿ ವಿಜಯಪುರಕ್ಕೆ ಸೇರಿಸಿದ್ದ ಅನುರಾಧಾ ರಜೆಗೆ ಬಂದವಳು, "ಅವ್ವಾ, ನಾ ಇಲ್ಲೇ ಬಬಲೇಶ್ವರದಾಗ ಕಲೀತೇನಿ ಬಿಡ" ಎಂದಳು. ಕಸ್ತೂರಿ ಮುಂದಿನ ಬಳ್ಳಿಗೆ ಕೈ ಹಾಕಿದಳು.

ಒಡ್ಡಿನ ತುದಿಯಲ್ಲಿ, ನೆಲ ಸ್ವಲ್ಪ ಎತ್ತರವಿದ್ದ ಕಡೆ, ಮೂರು ಬಳ್ಳಿ ಇನ್ನೂ ಹಸಿರಾಗಿದ್ದವು. ಕಸ್ತೂರಿ ಅವುಗಳ ಕಡ್ಡಿ ಕತ್ತರಿಸಿ ಗೋಣಿಚೀಲದಲ್ಲಿ ಸುತ್ತಿದಳು. ಅಪ್ಪನ ಬಳ್ಳಿ, ಅಪ್ಪನ ನೆಲಕ್ಕೇ ಹೋಗಲಿ. ಅಲ್ಲಿಯಾದರೂ ಹತ್ತಲಿ. ಗೋಣಿ ನೆನೆಸಲು ಚೆಂಬು ಹುಡುಕುತ್ತಿದ್ದಾಗ ಮಲಕವ್ವ ಎದ್ದು ಬಂದಳು. ತೂಬಿನಿಂದ ಬಂದ ದಿನದಿಂದ ಅವಳು ಸೊಸೆಯೊಡನೆ ಮಾತು ಬಿಟ್ಟಿದ್ದಳು. ಕೊಡವನ್ನೇ ಬಗ್ಗಿಸಿ, ಗೋಣಿ ತೊಟ್ಟಿಕ್ಕುವ ತನಕ ಸುರಿದಳು.

ಬಬಲೇಶ್ವರದಿಂದ ವಿಜಯಪುರದ ಬಸ್ಸು. ತೊಡೆಯ ಮೇಲಿನ ಗೋಣಿಯಿಂದ ನೀರು ಇಳಿದು ಸೀಟಿನ ಕೆಳಗೆ ಹರಿಯಿತು. "ಏನ ಬೇ ಅದು, ಮೀನೇನ?" ಎಂದು ಕಂಡಕ್ಟರ್ ಗದರಿದ. ವಿಜಯಪುರದಲ್ಲಿ ಬಸ್ಸು ಬದಲಿಸುವಾಗ ಹೋಟೆಲಿನ ಹುಡುಗನೊಬ್ಬ ಅಂಗಡಿಯ ಮುಂದಿನ ರಸ್ತೆಗೆ ಪೈಪು ಹಿಡಿದು ಧೂಳು ಅಡಗಿಸುತ್ತಿದ್ದ. ಹಿಂದಿನ ಕಸ್ತೂರಿಯಾಗಿದ್ದರೆ ಅವನಿಗೆ ಏನಾದರೂ ಅನ್ನುತ್ತಿದ್ದಳು. ಈಗ ಪಕ್ಕಕ್ಕೆ ಸರಿದು ನಡೆದಳು.

ತಿಕೋಟಾ ದಾಟಿ ದಿಬ್ಬ ಹತ್ತುವಾಗಲೇ ಅವಳಿಗೆ ಗೊತ್ತಾಯಿತು. ಮುತ್ತು ರಸ್ತೆಯ ಮೇಲೆ ನಿಂತಿದ್ದ, ಕಿವಿ ಆಚೆ ಕಡೆಗೆ. ಹಿಂದೆ ಪಡ. ಗೊನೆ ತುಂಬಿದ ಬಳ್ಳಿಗಳ ತುದಿ ಜೋತುಬಿದ್ದಿದ್ದವು.

"ಬಾ ಬೇ. ಬೋರ ನಿಂತಾವ. ಟ್ಯಾಂಕರಿನವ ಮುಂಜಾನಿಂದ ಬಂದೆ ಬಂದೆ ಅನ್ನಾಕತ್ತಾನ." ಅವಳ ಕೈಯ ಗೋಣಿ ನೋಡಿದ. ಒಳಗೆ ಏನಿದೆ ಎಂದು ಕೇಳುವ ಅಗತ್ಯವಿರಲಿಲ್ಲ. "ಎಲ್ಲಾ ಹೋದವೇನ?"

"ಹ್ಞೂಂ. ಇಷ್ಟ ಉಳದಾವ. ಹಚ್ಚತೀಯೇನಣ್ಣಾ?"

ಮುತ್ತು ಜೋತುಬಿದ್ದ ಬಳ್ಳಿಗಳ ಕಡೆ ಕೈ ತೋರಿಸಿದ. "ಎದರಾಗ ಹಚ್ಚಲಿ ಕಸ್ತೂರಿ? ಇದ್ದ ಬಳ್ಳಿ ಉಳಿಸಾಕ ನೀರಿಲ್ಲ. ಹೊಸಾದನ್ನ ಯಾವ ನೀರ ಹಾಕಿ ಎಬ್ಬಿಸಲಿ?"

ಅವಳು ತಲೆಯಾಡಿಸಿದಳು. ಆ ಮನೆಯ ಮಗಳಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಪಡದೊಳಗೆ ಹೋಗಿ ಮೊದಲ ಸಾಲಿನ ಮೊದಲ ಬಳ್ಳಿಯ ಮುಂದೆ ಕುಳಿತಳು. ಕೈ ತಾನಾಗಿಯೇ ಡ್ರಿಪ್ಪಿನ ತೂತಿಗೆ ಹೋಯಿತು. ಒಣಗಿತ್ತು. ಗೋಣಿ ಬಿಚ್ಚಿದಳು. ಕಡ್ಡಿಗಳನ್ನು ಒಂದೊಂದಾಗಿ ತೆಗೆದು ಗರಸಿನ ಮೇಲೆ ಬಿಸಿಲಿಗೆ ಇಟ್ಟಳು. ಆಮೇಲೆ ಗೋಣಿಯನ್ನು ಎರಡೂ ಕೈಯಿಂದ ಮುರಿ ಹಾಕಿ ಹಿಂಡಿದಳು. ಜೈನಾಪುರದ ನೀರು ಬೆರಳ ಸಂದಿಯಿಂದ ಬುಡಕ್ಕೆ ಇಳಿಯಿತು. ನೆಲ ಸದ್ದಿಲ್ಲದೆ ಕುಡಿಯಿತು.

ಹಿಂದಿನಿಂದ ಮುತ್ತುವಿನ ದನಿ ಬಂತು, ಥೇಟ್ ಅಪ್ಪನ ದನಿ.

"ಸಾಕ ಬೇ. ಎಲ್ಲಾ ಒಂದ ಬಳ್ಳಿಗೆ ಹಾಕಬ್ಯಾಡ. ಮಗ್ಗಲಿಂದಕ್ಕೂ ಅಷ್ಟ ಇಡು."